ಹಿತ್ತಲ ಖೋಲಿಯ ಹಡಗು

ಸಕ್ಕರೆ ಹಿಡಿದ ಮಥುರಾಬಾಯಿಯವರ ಕೈ ಸೊಸೆಯ ಬಾಯಿಯ ಹತ್ತಿರ ಬಂದಿತ್ತು. "ಎರಡ ತಿಂಗಳಾತು, ನಾ ನೋಡ್ಲಿಕ್ಹತ್ತೇನಿ ವರದಾ. ಇನ್ನ ವರ್ಷದ ಮಟಾ ಹೊರಗ ಕೂಡೂ ಕಾಟ ತಪ್ಪಿತು ನಿನಗ."

ವರದಾಳ ಕಣ್ಣು ಹಿತ್ತಲ ಖೋಲಿಯ ಕಡೆ ಹೋಯಿತು. ತಿಂಗಳಿಗೆ ಮೂರು ದಿನ ಯಾರೂ ಅವಳನ್ನು ಮುಟ್ಟದ, ಕೆಲಸಕ್ಕೆ ಕರೆಯದ ಜಾಗ ಅದು. ತಮ್ಮ ಸುಮೇಧ ಪುಣೆಯಿಂದ ತಂದುಕೊಟ್ಟ ಜಪಾನಿ ಕಾದಂಬರಿಯ ಇಂಗ್ಲಿಷ್ ಅನುವಾದ ಅಲ್ಲೇ ಚಾಪೆಯ ಕೆಳಗಿತ್ತು. ಆ ದಿನಗಳಲ್ಲಿ ಮುಟ್ಟಿದ್ದನ್ನು ಸವದತ್ತಿಯ ಈ ಮನೆಯೊಳಗೆ ತರುವಂತಿರಲಿಲ್ಲ. ಆ ಕಾದಂಬರಿಯಲ್ಲಿ, ನಕ್ಷತ್ರಗಳ ನಡುವೆ ನೂರಾರು ವರ್ಷ ಸಾಗುವ ಹಡಗಿನಲ್ಲಿ ಎಲ್ಲರೂ ನಿದ್ದೆಯಲ್ಲಿದ್ದರು, ಒಬ್ಬ ಹೆಂಗಸು ಮಾತ್ರ ಎಚ್ಚರವಿದ್ದಳು. ಹೊರಗೆ ತೆರೆಯುವ ಬಾಗಿಲನ್ನು ಅವಳು ಕಡೆಗೂ ಹುಡುಕಿ ಅಗುಳಿಯ ಮೇಲೆ ಕೈಯಿಟ್ಟಲ್ಲಿಗೆ, ಕಳೆದ ಸಲ ಮೂರು ದಿನ ಮುಗಿದಾಗ, ವರದಾ ಪುಸ್ತಕ ಮುಚ್ಚಿ, ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಿದ್ದಳು.

"ಬಾಯಿ ತಗೀ," ಎಂದರು ಅತ್ತೆ. ಅವರ ಕಣ್ಣು ತುಂಬಿದ್ದವು.

ವರದಾ ಒಂದು ಹೆಜ್ಜೆ ಹಿಂದೆ ಸರಿದಳು. "ಮುಟ್ಟಬ್ಯಾಡ್ರಿ ಅತ್ಯಾ. ಈಗಷ್ಟ ಹೊರಗಾಗೇನಿ," ಎಂದು ಸುಳ್ಳು ಹೇಳಿದಳು.

ಅತ್ತೆಯ ಬೆರಳ ಸಂದಿಯಿಂದ ಸಕ್ಕರೆ ನೆಲಕ್ಕೆ ಉದುರುವುದು ಕೇಳಿಸಿತು. ವರದಾ ಆಗಲೇ ಹಿತ್ತಲ ಬಾಗಿಲಿನ ಅಗುಳಿಯ ಮೇಲೆ ಕೈಯಿಟ್ಟಿದ್ದಳು.