ಇಳಿಯದ ಪಂಚೆ

ಶಾಸಕ ಜವರಪ್ಪ ಟೀ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಕೂತಿದ್ದವರೆಲ್ಲ ಎದ್ದು, ಎತ್ತಿ ಕಟ್ಟಿದ್ದ ಪಂಚೆಯನ್ನು ಮರ್ಯಾದೆಗೆ ಕೆಳಗಿಳಿಸಿದರು. ಒಂದೊಂದು ಪಂಚೆ ಇಳಿದಂತೆ ಜವರಪ್ಪ ಒಂದೊಂದು ಗೇಣು ಬೆಳೆದ. ಅದೇನು ಹೊಸದಲ್ಲ, ಅವನ ತಲೆ ತಾಗದಿರಲೆಂದೇ ಅಂಗಡಿಯ ಸಾಕಮ್ಮ ಹೋದ ವರ್ಷ ತಗಡಿನ ಸೂರು ಎತ್ತರಿಸಿದ್ದಳು.

ಬೋರಲಿಂಗಯ್ಯ ಮಾತ್ರ ಏಳಲಿಲ್ಲ. ಧೈರ್ಯವೇನೂ ಅಲ್ಲ. ನಿನ್ನೆ ಜವರಪ್ಪನ ಕಡೆಯವರು ಅವನ ಸೈಕಲ್ ಶಾಪನ್ನು ನೆಲಸಮ ಮಾಡಿದ ಮೇಲೆ ಅವನಿಗೆ ಯಾವುದೂ ಮೈಗೆ ತಟ್ಟುತ್ತಿರಲಿಲ್ಲ.

"ಯಾಕ್ಲಾ ಬೋರ, ಪಂಚೆ ಇಳ್ಸಕ್ಕಿಲ್ವಾ?"

"ಟೀ ಕುಡೀತಾ ಇವ್ನಿ ಸಾಮಿ."

ಆ ಮಾತಿಗೆ ಜವರಪ್ಪ ಒಂದು ಗೇಣು ಕುಗ್ಗಿದ. ಅದನ್ನು ಕಂಡ ಪಕ್ಕದ ಬೆಂಚಿನವನು ಮೆಲ್ಲಗೆ ಪಂಚೆ ಎತ್ತಿ ಕಟ್ಟಿ ಕೂತ. ಅವನ ಹಿಂದೆಯೇ ಇನ್ನೊಬ್ಬ, ಆಮೇಲೆ ಎಲ್ಲರೂ. ನೋಡನೋಡುತ್ತ ಜವರಪ್ಪ ಬೀಡಿ ಕಟ್ಟಿನಷ್ಟಾದ. ಅವನ ಸ್ವಂತ ಎತ್ತರ ಅಷ್ಟೇ ಇತ್ತು. ಫ್ಯಾನಿನ ಗಾಳಿಗೆ ಅವನು ಒಣಗಿದ ಎಲೆಯ ಹಾಗೆ ಬಾಗಿಲ ಕಡೆಗೆ ಸರಿಯತೊಡಗಿದ.

"ಅಯ್ಯೋ, ಯಾರಾದ್ರೂ ಫ್ಯಾನ್ ಆಫ್ ಮಾಡ್ರಪ್ಪಾ, ಹಾರೋಯ್ತಾನೆ!" ಎಂದಳು ಸಾಕಮ್ಮ.

ಸ್ವಿಚ್ಚು ಬೋರಲಿಂಗಯ್ಯನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅವನು ಆರಿದ ಟೀಯನ್ನು ಇನ್ನೊಂದು ಗುಟುಕು ಕುಡಿದ.