ಐದು ಗೆರೆಯ ರಂಗೋಲಿ

ಮುಂದಿಡಲೆಂದು ಎತ್ತಿದ ಕಾಲನ್ನು ಬ್ಯಾಂಡಿನ ವಾಜಿದ್ ಸಾಬರು ಹಾಗೇ ಹಿಂದಕ್ಕೆಳೆದುಕೊಂಡರು. ಚಿಕ್ಕಜಾಲದ ಆ ಮದುವೆಮನೆಯ ಅಂಗಳದಲ್ಲಿ ಸೊಣ್ಣಮ್ಮ ಹಾಕಿದ ರಂಗೋಲಿ ಅವರ ಕಾಲಬುಡದಲ್ಲಿತ್ತು. ಉದ್ದಕ್ಕೆ ಐದು ಗೆರೆ, ಗೆರೆಗಳ ಮೇಲೂ ನಡುವೆಯೂ ಬಾಲವಿರುವ ಚುಕ್ಕಿಗಳು.

"ತುಳ್ಕೊಂಡೇ ಬನ್ನಿ ಸಾಬ್ರೇ, ಎಂಗೂ ಸಾರಿಸ್ತೀನಿ," ಎಂದಳು ಸಗಣಿನೀರಿನ ಬಕೀಟು ಹಿಡಿದು ನಿಂತಿದ್ದ ಅತ್ತೆ. "ತಂತಿ ಮ್ಯಾಲೆ ಗುಬ್ಬಿ ಕೂರ್ಸವ್ಳೆ ನಮ್ ಸೊಸೆ. ಬೀಗ್ರು ಕಂಡ್ರೆ ನಗ್ತಾರೆ." ಸೊಣ್ಣಮ್ಮ ತಲೆ ತಗ್ಗಿಸಿದಳು. ಯಲಹಂಕ ಸಂತೆಯ ಹಳೇ ಪುಸ್ತಕದ ಗುಡ್ಡೆಯಲ್ಲಿ ಕೆದಕಿ ರಂಗೋಲಿ ಪುಸ್ತಕ ಕೂಡಿಡುವುದು ಅವಳ ಹುಚ್ಚು. ಈ ರಂಗೋಲಿಯಿದ್ದ ಹಳದಿಗಟ್ಟಿದ ಹಾಳೆಗಳನ್ನೂ ಅಲ್ಲಿಂದಲೇ ತಂದಿದ್ದಳು. ಬಿಳೀ ದೊರೆಸಾನಿಯರ ರಂಗೋಲಿಯೆಂದೇ ನಂಬಿ, ಒಂದು ಚುಕ್ಕಿಯೂ ತಪ್ಪದಂತೆ ಬೆಳಗಿನಿಂದ ಕೂತು ಎಳೆದಿದ್ದಳು.

ಹಿಂದೆ ಮಿಲಿಟರಿ ಬ್ಯಾಂಡಿನಲ್ಲಿದ್ದಾಗ ಇಂಥದೇ ಗೆರೆ-ಚುಕ್ಕಿಯ ಸ್ವರಲಿಪಿ ನೋಡಿ ನುಡಿಸಿದವರು ಸಾಬರು. ಕ್ಲಾರಿನೆಟ್ಟನ್ನು ತುಟಿಗಿಟ್ಟು, ನೆಲದಿಂದ ಕಣ್ಣೆತ್ತದೆ, ಗೆರೆಯ ಪಕ್ಕದಲ್ಲೇ ಮೆಲ್ಲಗೆ ಸರಿಯುತ್ತ ನುಡಿಸತೊಡಗಿದರು. ಚುಕ್ಕಿ ಏರಿದಲ್ಲಿ ದನಿ ಏರಿತು, ಇಳಿದಲ್ಲಿ ಇಳಿಯಿತು. ಯಾವ ಸೀಮೆಯ ಹಾಡೋ, ತನ್ನ ಬೆರಳಿನಿಂದ ಉದುರಿದ ಪುಡಿಯೊಳಗೆ ಅದು ಕೂತಿದ್ದದ್ದು ಸೊಣ್ಣಮ್ಮನಿಗೇ ಗೊತ್ತಿರಲಿಲ್ಲ. ಹೊಸಿಲ ಬಳಿ ಗೆರೆ ಮುಗಿಯಿತು, ಹಾಡೂ ಅರ್ಧಕ್ಕೇ ನಿಂತಿತು.

"ಮುಂದಿಂದು ಎಲ್ಲೈತಮ್ಮಾ?" ಎಂದರು ಸಾಬರು.

ಅತ್ತೆ ಬಕೀಟನ್ನು ಸದ್ದಾಗದಂತೆ ಕೆಳಗಿಟ್ಟಳು. ರಂಗೋಲಿ ಪುಡಿಯ ಬಟ್ಟಲನ್ನು ತಾನೇ ತಂದು ಸೊಸೆಯ ಕೈಗಿತ್ತು, "ಮಿಕ್ಕಿದ್ದೂ ಎಳಿಯೇ, ಸಾಬ್ರು ಕಾಯ್ತಾವ್ರೆ," ಎಂದಳು.