ಒಂದು ಬೆರಳಿನ ಕೊಂಡಿ

"ನಿಲ್ಲಸ್ರಿ! ನಿಲ್ಲಸ್ರಿ ಸಾವ್ಕಾರ್ರ!"

ನಿಶಾತ ಕಾರಿನೊಳಗಿಂದಲೇ ಹಿಂದಿನ ಗಾಜಿಗೆ ಗುದ್ದುತ್ತಿದ್ದಳು. ಕಾರು ನಡೆಸುತ್ತಿದ್ದ ಅಂಗಡಿ ಸಾಹುಕಾರ ಗುರುಸಂಗಪ್ಪ ಬ್ರೇಕು ಒತ್ತುವಷ್ಟರಲ್ಲಿ ಸೈಕಲ್ ನೂರು ಅಡಿ ಡಾಂಬರಿನ ಮೇಲೆ ಉಜ್ಜಿಕೊಂಡು ಬಂದಿತ್ತು. ಹಿಂದಿನ ಗಾಲಿಯೊಂದೇ ಕಾರಿನ ಬೆನ್ನಿಗೆ ಜೋಡಿಸಿದ ಸೈಕಲ್ ಕ್ಯಾರಿಯರಿನ ಪಟ್ಟಿಗೆ ಸಿಕ್ಕಿ ನೇತಾಡುತ್ತಿತ್ತು. ಮುಂದಿನ ಗಾಲಿ ಹಪ್ಪಳದಂತೆ ಸೊಟ್ಟಗಾಗಿತ್ತು, ಅದನ್ನು ಹಿಡಿದ ಫೋರ್ಕ್ ಒಳಕ್ಕೆ ಮಡಚಿಕೊಂಡಿತ್ತು. ಹರಪನಹಳ್ಳಿಗೆ ಇನ್ನೂ ಒಂಬತ್ತು ಕಿಲೋಮೀಟರ್. ಅಲ್ಲಿ ಸೈಕಲ್ ರೇಸು ಒಂಬತ್ತಕ್ಕೆ. ಈಗ ಏಳೂವರೆ.

ಹಸನ್ ಸಾಬ್ ಕೆಳಗಿಳಿದು ಸೈಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಹಡಗಲಿ ಬಸ್ ಸ್ಟ್ಯಾಂಡ್ ಪಕ್ಕದ ತನ್ನ ರಿಪೇರಿ ಅಂಗಡಿಯಲ್ಲಿ ಮಗಳು ನಿಶಾತಳಿಗಾಗಿ ನಾಲ್ಕು ತಿಂಗಳು ಕುಳಿತು, ಕಡ್ಡಿ ಕಡ್ಡಿ ಬಿಗಿದು, ಅವನೇ ಕಟ್ಟಿದ ಸೈಕಲ್ ಅದು. ಬಾಗಿದ ಫೋರ್ಕನ್ನು ಬೆರಳಿನಿಂದ ಸವರಿದ.

ಗುರುಸಂಗಪ್ಪ ಮೊದಲು ನೋಡಿದ್ದು ಬಂಪರನ್ನು. "ಬಣ್ಣ ಹೋತಲ್ಲ!"

"ಬಣ್ಣ ಅಲ್ರಿ, ಈ ಕೊಂಡಿ ನೋಡ್ರಿ," ಎಂದಳು ನಿಶಾತ.

ಸೈಕಲ್ಲಿನ ನಡುದಂಡವನ್ನು ಕಚ್ಚಿ ಹಿಡಿಯಬೇಕಾದ ಕೊಂಡಿ ಬಾಯಿ ತೆರೆದು ನಿಂತಿತ್ತು. ಅದರ ಹಲ್ಲಿನ ಸಂದಿನಲ್ಲಿ ಜಜ್ಜಿಹೋದ ಮಲ್ಲಿಗೆ, ದಾರದ ಸಮೇತ. ಹೊಸ ಕಬ್ಬಿಣಕ್ಕೆ ಪೂಜೆಯಾಗದೆ ಮನೆ ಬಿಡಬಾರದೆಂದು ಗುರುಸಂಗಪ್ಪನ ಹೆಂಡತಿ ಶಿವಬಸಮ್ಮ ಬೆಳಿಗ್ಗೆ ಕ್ಯಾರಿಯರಿಗೆ ಒಂದು ಮಾರು ಹೂವು ಸುತ್ತಿದ್ದಳು. ದಾರಿಯ ಚಹಾದಂಗಡಿಯ ಮುಂದೆ ಗುರುಸಂಗಪ್ಪ ಕಾರು ನಿಲ್ಲಿಸಿ, ಒಂದೇ ಬೆರಳಿನಿಂದ ಕೊಂಡಿ ತೆಗೆದು ಹಾಕಿ, ತೆಗೆದು ಹಾಕಿ, ಕುಳಿತವರಿಗೆಲ್ಲ ತೋರಿಸಿದ್ದ. ಕೊನೆಯ ಸಲ ಹಾಕಿದಾಗ ಅದು ಕಚ್ಚಿದ್ದು ಹೂವನ್ನು.

"ನಮ್ಮ ಅಬ್ಬಾ ಹಳೇ ಟ್ಯೂಬ್ ಸೀಳಿ ಮ್ಯಾಲ ಬಿಗದು ಕಟ್ಟಿದ್ರು. ಬಿಚ್ಚಿ ಒಗದವರು ಯಾರ್ರಿ?"

"ನಾನ ಬಿಚ್ಚೀನಿ. ಮತ್ತ? ಒಂದ ಬೆರಳಿಗೆ ತಗೀತೈತಿ, ಕೀಲಿ ಐತಿ, ಡಿಕ್ಕಿ ತಗಿಯಾಕ ಬೇಕಂದ್ರ ಪೂರಾ ಬಾಗತೈತಿ ಅಂತ ದುಪ್ಪಟ್ಟು ರೊಕ್ಕ ಕೊಟ್ಟು ಬೆಂಗಳೂರಿಂದ ತಂದೀನಿ. ಅದರ ಮ್ಯಾಲ ಪಂಕ್ಚರ್ ಟ್ಯೂಬ್ ಸುತ್ತಿದ್ರ ರೇಸಿಗೆ ಬಂದ ಮಂದಿ ನಗೂದಿಲ್ಲೇನು? ನನ್ನ ಅಂಗಡಿಗೆ ಬಂದು ಯಾರು ಕೊಳ್ತಾರ ಇದನ್ನ?"

"ಬೆರಳೂ ಹಚ್ಚಲಾರದ ತಗೀತಲ್ರಿ! ಇನ್ನೂ ಒಂದೀಟು ಹೆಚ್ಚಿಗಿ ಇಸಗೊಂಡು ಮಾರ್ರಿ."

"ಏ, ಬಾಯಿ ಭಾಳ ಆತು ನಿಂದು."

ಎದುರಿನಿಂದ ಮೊಪೆಡ್ಡೊಂದು ಬಂದು ನಿಂತಿತು. ಹಡಗಲಿಯ ರಾಮಣ್ಣ, ಮಾವನ ಮನೆಯಿಂದ ಊರಿಗೆ ಮರಳುತ್ತಿದ್ದವನು. "ಏನಾತ್ರಿ ಸಾವ್ಕಾರ್ರ?"

"ಏನಿಲ್ಲ ರಾಮಣ್ಣ. ಸಾಬ್ರು ಗಾಲಿ ನಟ್ ಬಿಗಿ ಮಾಡಿದ್ದಿಲ್ಲ. ಕಳಚಿ ಬಿತ್ತು."

ಎಷ್ಟು ಸಲೀಸಾಗಿ ಹೇಳಿದ! ಕೆಮ್ಮಲಿಲ್ಲ, ತಡವರಿಸಲಿಲ್ಲ. ರಾಮಣ್ಣ ಕುಳಿತಲ್ಲಿಂದಲೇ ನಕ್ಕ. "ಏನ್ರಿ ಸಾಬ್ರ, ಕಣ್ಣು ಮಂಜಾದುವೇನು? ನಾಳಿ ನನ್ನ ಮಗಳ ಸೈಕಲ್ ನಿಮ್ಮ ಕಡೆ ಬಿಡಾವ ಇದ್ದೆ. ವಿಚಾರ ಮಾಡಬೇಕಾತು ನೋಡ್ರಿ."

"ಇಳದು ನಟ್ ಮುಟ್ಟಿ ನೋಡ್ರಿ ಕಾಕಾ! ಒಂದ ಸಲ ಮುಟ್ಟಿ ನೋಡ್ರಿ!" ನಿಶಾತ ಅವನತ್ತ ಓಡಿದಳು. ಮೊಪೆಡ್ ಆಗಲೇ ಹಡಗಲಿಯ ಕಡೆ ಹೊರಟಿತ್ತು. ರಾಮಣ್ಣನ ಜೊತೆ ಮಾತೂ ಹೊರಟಿತ್ತು. ಮಧ್ಯಾಹ್ನದೊಳಗೆ ಅದು ಬಸ್ ಸ್ಟ್ಯಾಂಡ್ ಮುಟ್ಟುತ್ತದೆ. ನಟ್ ಮಾತ್ರ ಗಾಲಿಯ ಅಚ್ಚಿನ ಮೇಲೆ, ರಾತ್ರಿ ಹಸನ್ ಸಾಬ್ ಬಿಗಿದಂತೆಯೇ ಕೂತಿತ್ತು. ಗಾಲಿ ಸೊಟ್ಟಗಾಗಿತ್ತೇ ಹೊರತು ಕಳಚಿರಲಿಲ್ಲ.

ಗುರುಸಂಗಪ್ಪ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ದನಿ ಇಳಿಸಿದ.

"ನೋಡವ್ವ, ಹರಪನಹಳ್ಯಾಗ ನಮ್ಮ ಬೀಗರದ ಸೈಕಲ್ ಅಂಗಡಿ ಐತಿ. ಗೇರಿನ ಸೈಕಲ್, ಹೊಚ್ಚ ಹೊಸಾದು, ಅರ್ಧ ತಾಸಿನ್ಯಾಗ ನಿನ್ನ ಕೈಯಾಗ ಇರತೈತಿ. ಅದರ ಮ್ಯಾಲ ಓಡು. ಆಮ್ಯಾಲೂ ನೀನ ಇಟಗೋ. ಪೇಪರಿನವರು ಬಂದಿರತಾರ. ಹಳೇ ಸೈಕಲ್ ಎಲ್ಲಿ ಅಂತ ಕೇಳಿದ್ರ, ಅಪ್ಪ ನಟ್ ಬಿಗಿಯೂದು ಮರ್ತಿದ್ದ ಅನ್ನು. ಕ್ಯಾರಿಯರ್ ಸುದ್ದಿ ಎತ್ತಬ್ಯಾಡ. ಇಷ್ಟ."

ಮುಂದಿನ ತಿಂಗಳಿಗೆ ನಿಶಾತಳಿಗೆ ಹದಿನೆಂಟು ತುಂಬುತ್ತಿತ್ತು. ಇಂದು ಮೊದಲ ಮೂವರಲ್ಲಿ ಬಂದರೆ ಕ್ರೀಡಾ ಹಾಸ್ಟೆಲ್. ಇಲ್ಲದಿದ್ದರೆ ಹದಿನೆಂಟರೊಳಗಿನವರ ಈ ರೇಸು ಅವಳಿಗೆ ಇನ್ನಿಲ್ಲ.

ಹಸನ್ ಸಾಬ್ ಮೊಣಕಾಲು ಹಿಡಿದು ಎದ್ದ. "ಹೂಂ ಅನ್ನು ಬೇಟಿ," ಎಂದ. "ನಾನ ಹೇಳ್ತೀನಿ. ನೀ ಏನೂ ಹೇಳಬ್ಯಾಡ. ಮರ್ತಿದ್ದೆ ಅಂದ್ರ ಆತು. ವಯಸ್ಸಾತು, ಮರೀತೈತಿ, ಯಾರು ಕೇಳ್ತಾರ?"

ಅವನು ಆಗಲೇ ಆ ಮುಖ ಹಾಕಿಕೊಂಡಿದ್ದ. ತಲೆ ಸ್ವಲ್ಪ ಬಗ್ಗಿಸಿದ, ತುಟಿಯಲ್ಲೊಂದು ತಪ್ಪಿತಸ್ಥನ ನಗು. ನಟ್ ಮರೆತ ಮುದುಕನೊಬ್ಬ ಇರಬೇಕಾದ ಹಾಗೆಯೇ. ಆ ನಗುವನ್ನು ನೋಡಿ ನಿಶಾತಳ ಮೈಯೆಲ್ಲ ಉರಿದುಹೋಯಿತು.

ಗುರುಸಂಗಪ್ಪ ಕಾರಿನ ಬಾಗಿಲು ತೆರೆದು ಹಿಡಿದ. "ಕೂಡವ್ವ, ಹೊತ್ತಾಗತೈತಿ."

"ಒಲ್ಲೆ."

"ಹುಚ್ಚಿ ಅದಿಯೇನು? ರೇಸು ತಪ್ಪತೈತಿ."

"ತಪ್ಪಲಿ," ಎಂದಳು ನಿಶಾತ. "ಒಲ್ಲೆ."